ಮಣ್ಣಿನ ಸಾಕ್ಷ್ಯ: ಪ್ರಾಕ್ತನ ಶೋಧನೆಯಲ್ಲಿ ಸೂಕ್ಷ್ಮದರ್ಶಕದ ಸ್ಥಾನ

ಚಾಮರಾಜನಗರ ಸೀಮೆಯ ಇತಿಹಾಸವನ್ನು ಬರೆಯಹೊರಟವರಿಗೆ ಮೊದಲು ಕೈಗೆ ದೊರೆಯುವ ಆಧಾರ ಶಾಸನ. ಬಿ. ಎಲ್. ರೈಸ್ ಅವರು ೧೮೯೮ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ಅಚ್ಚಾದಂದಿನಿಂದ ಈ ಸೀಮೆಯ ರಾಜಕೀಯ ಚರಿತ್ರೆಗೆ ಒಂದು ಭದ್ರವಾದ ತಳಹದಿ ದೊರೆತಿದೆ. ಆದರೆ ಶಾಸನವು ಅಕ್ಷರ ಬಲ್ಲವರ ಕಾಲದ್ದು. ದಾನ ಕೊಟ್ಟವರ, ದಾನ ಪಡೆದವರ, ಯುದ್ಧದಲ್ಲಿ ಮಡಿದವರ ಮಾತು ಅದು. ಅದಕ್ಕೂ ಎರಡು ಸಾವಿರ ವರ್ಷಗಳ ಹಿಂದೆ ಕಾವೇರಿ, ಕಪಿಲಾ, ಸುವರ್ಣಾವತಿಗಳ ನೀರು ಹರಿಯುವ ಈ ನಾಡಿನಲ್ಲಿ ದನ ಕಾಯ್ದವರೂ, ರಾಗಿಗೂ ಹಿಂದಿನ ಕಿರುಧಾನ್ಯಗಳನ್ನು ಬೆಳೆದವರೂ, ಮಡಕೆ ಮಾಡಿದವರೂ ಯಾವ ಶಾಸನವನ್ನೂ ಬರೆಯಿಸಲಿಲ್ಲ. ಅವರು ಬಿಟ್ಟುಹೋದದ್ದು ಮಣ್ಣು: ಸುಟ್ಟ ಮಣ್ಣು, ತುಳಿದ ಮಣ್ಣು, ಸಾರಿಸಿದ ಮಣ್ಣು, ಬೂದಿಯೊಡನೆ ಬೆರೆತ ಮಣ್ಣು.

ಈ ಮಣ್ಣನ್ನೇ ಒಂದು ದಾಖಲೆಯೆಂದು ಓದುವುದು ಸಾಧ್ಯವೇ, ಸಾಧ್ಯವಾದರೆ ಅದು ಯಾವ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕಾಗಿ ನಾವು ಕರ್ನಾಟಕದ ಪ್ರಾಗೈತಿಹಾಸದಲ್ಲಿ ಒಂದು ಶತಮಾನಕ್ಕೂ ಮಿಕ್ಕು ನಡೆದ ಬೂದಿದಿಬ್ಬಗಳ ವಾದವನ್ನು ಮುಖ್ಯ ನಿದರ್ಶನವಾಗಿ ತೆಗೆದುಕೊಂಡಿದ್ದೇವೆ. ಆ ವಾದ ನಡೆದದ್ದು ಬಳ್ಳಾರಿ ಸೀಮೆಯಲ್ಲಿ. ಆದರೂ ಅದರಿಂದ ದೊರೆಯುವ ಪಾಠ ದಕ್ಷಿಣದ ಕೊನೆಯಲ್ಲಿರುವ ಚಂದಕವಾಡಿಯಂಥ ಹೋಬಳಿಗೂ ಸಲ್ಲತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಆ ಪಾಠವನ್ನು ಇಲ್ಲಿಗೆ ಅನ್ವಯಿಸುವ ಬಗೆಯನ್ನು ಕೊನೆಯ ಭಾಗದಲ್ಲಿ ಸೂಚಿಸುತ್ತೇವೆ.

೧. ವಿಧಾನದ ಹುಟ್ಟು

ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ತೇಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಪದ್ಧತಿಯನ್ನು ಭೂವಿಜ್ಞಾನದಲ್ಲಿ ನೆಲೆಗೊಳಿಸಿದವರು ಇಂಗ್ಲೆಂಡಿನ ಷೆಫೀಲ್ಡ್ ನಗರದ ಹೆನ್ರಿ ಕ್ಲಿಫ್ಟನ್ ಸಾರ್ಬಿ ಎಂಬವರು. ೧೮೪೯ರ ವೇಳೆಗೆ ಅವರು ಇಂಥ ತೆಳುಛೇದಗಳನ್ನು ಸಿದ್ಧಪಡಿಸಲಾರಂಭಿಸಿದ್ದರು. ಇಂದಿಗೂ ಪದ್ಧತಿ ಮೂಲತಃ ಅದೇ. ಕಲ್ಲಿನ ಅಥವಾ ಮಡಕೆಚೂರಿನ ಒಂದು ತುಣುಕನ್ನು ಕೊಯ್ದು, ಗಾಜಿನ ಪಟ್ಟಿಯ ಮೇಲೆ ಅಂಟಿಸಿ, ಅದರ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿಗೆ, ಅಂದರೆ ೦.೦೩ ಮಿ.ಮೀ.ಗೆ, ಇಳಿಯುವವರೆಗೂ ತೇಯುತ್ತಾರೆ. ಆಗ ಹೊರಗೆ ಕಪ್ಪಾಗಿ, ಒರಟಾಗಿ ಕಾಣುತ್ತಿದ್ದ ಚೂರು ಪಾರದರ್ಶಕವಾಗುತ್ತದೆ. ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಅದರೊಳಗಿನ ಒಂದೊಂದು ಖನಿಜವೂ ತನ್ನ ತನ್ನ ಬಣ್ಣದಿಂದಲೂ ರೇಖೆಗಳಿಂದಲೂ ತನ್ನ ಗುರುತನ್ನು ತಾನೇ ಹೇಳುತ್ತದೆ. ಬೆಣಚು ಬೂದು ಬಿಳುಪಾಗಿ ಕಾಣಿಸಿಕೊಳ್ಳುತ್ತದೆ. ಫೆಲ್ಡ್‌ಸ್ಪಾರ್ ಪಟ್ಟೆಪಟ್ಟೆಯಾಗಿ ತೋರುತ್ತದೆ. ಕಾಗೆಬಂಗಾರ ಹೊಳೆಯುವ ಎಳೆಗಳಾಗಿ ಹರಡಿಕೊಂಡಿರುತ್ತದೆ.

ಈ ಪದ್ಧತಿಯನ್ನು ಮಡಕೆಗಳಿಗೆ ವ್ಯವಸ್ಥಿತವಾಗಿ ಅನ್ವಯಿಸಿ ಇತಿಹಾಸಜ್ಞರ ಒಂದು ನಂಬಿಕೆಯನ್ನೇ ತಿದ್ದಿದವರು ಅಮೆರಿಕದ ಆನಾ ಷೆಪರ್ಡ್. ಅಲ್ಲಿನ ನೈಋತ್ಯ ಭಾಗದ ಪೇಕೋಸ್ ಎಂಬ ಪ್ರಾಚೀನ ಗ್ರಾಮದಲ್ಲಿ ದೊರೆತ ಮಡಕೆಗಳನ್ನೆಲ್ಲ ಆ ಗ್ರಾಮದವರೇ ಮಾಡಿಕೊಂಡರೆಂದು ವಿದ್ವಾಂಸರು ಭಾವಿಸಿದ್ದರು. ಮನೆಮನೆಯಲ್ಲೂ ಹೆಂಗಸರು ತಮಗೆ ಬೇಕಾದ ಮಡಕೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರೆಂಬುದು ಆ ಭಾವನೆಗೆ ಆಧಾರ. ಷೆಪರ್ಡ್ ಅವರು ತೆಳುಛೇದಗಳಲ್ಲಿ ಕಂಡ ಕಲ್ಲಿನ ಪುಡಿ ಪೇಕೋಸ್ ಸುತ್ತಣ ಕಲ್ಲಿನದಲ್ಲ, ದೂರದ ನದೀಕಣಿವೆಯ ಅಗ್ನಿಶಿಲೆಗಳದು. ಮೆರುಗಿನ ಬಣ್ಣದ ಮಡಕೆಗಳಲ್ಲಿ ಬಹುಪಾಲು ಹೊರಗಿನಿಂದ ಬಂದುವೆಂದು ಅವರು ೧೯೩೬ರಲ್ಲಿ ತೋರಿಸಿಕೊಟ್ಟರು. ಹಾಗೆಂದ ಮೇಲೆ ಒಂದು ಗ್ರಾಮದ ಸ್ವಾವಲಂಬನೆಯ ಚಿತ್ರ ಹೋಗಿ ಗ್ರಾಮಗ್ರಾಮಗಳ ನಡುವಣ ವಿನಿಮಯದ ಚಿತ್ರ ಬಂದಿತು. ಅವರ ‘ಪ್ರಾಕ್ತನಶಾಸ್ತ್ರಜ್ಞರಿಗಾಗಿ ಕುಂಭಕಲೆ’ ಎಂಬರ್ಥದ ಗ್ರಂಥ ೧೯೫೬ರಲ್ಲಿ ಹೊರಬಂದಿತು. ೧೯೬೯ರಲ್ಲಿ ಡೇವಿಡ್ ಪೀಕಾಕ್ ಅವರು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ನವಶಿಲಾಯುಗದ ಮಡಕೆಗಳಲ್ಲಿ ಒಂದು ಸಣ್ಣ ಪ್ರದೇಶಕ್ಕೆ ಮಾತ್ರ ಸೀಮಿತವಾದ ಗ್ಯಾಬ್ರೊ ಎಂಬ ಕಲ್ಲಿನ ಅಂಶವನ್ನು ಗುರುತಿಸಿ, ಅಷ್ಟು ಪ್ರಾಚೀನ ಕಾಲದಲ್ಲೇ ಮಡಕೆಗಳು ತಾವು ಹುಟ್ಟಿದ ಸ್ಥಳದಿಂದ ಬಹುದೂರ ಸಾಗಿದುವೆಂದು ಸ್ಥಾಪಿಸಿದರು.

ಮಡಕೆಯಾಗದೆ ಉಳಿದ ಮಣ್ಣನ್ನು ಪರೀಕ್ಷಿಸುವ ಶಾಸ್ತ್ರ ಬೇರೊಂದು ದಾರಿಯಿಂದ ಬಂದಿತು. ಆಸ್ಟ್ರಿಯ ದೇಶದ ಮೃತ್ತಿಕಾವಿಜ್ಞಾನಿ ವಾಲ್ಟರ್ ಕುಬಿಯೆನ ಅವರು ೧೯೩೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮಣ್ಣನ್ನು ಪುಡಿಮಾಡಿ ನೋಡಿದರೆ ಅದರ ಸ್ವರೂಪವೇ ಹೋಗಿಬಿಡುತ್ತದೆ, ಅದು ನೆಲದಲ್ಲಿ ಹೇಗಿತ್ತೋ ಹಾಗೆಯೇ ನೋಡಬೇಕು ಎಂಬ ತತ್ತ್ವವನ್ನು ಮುಂದಿಟ್ಟರು. ಅದರಂತೆ ಅಗೆತದ ಗೋಡೆಯಿಂದ ಒಂದು ತಗಡಿನ ಪೆಟ್ಟಿಗೆಯಷ್ಟು ಮಣ್ಣನ್ನು ಕದಲದಂತೆ ಕತ್ತರಿಸಿ ತೆಗೆದು, ಒಣಗಿಸಿ, ರಾಳವನ್ನು ಊಡಿಸಿ ಕಲ್ಲಿನಂತೆ ಗಟ್ಟಿಯಾಗಿಸಿ, ಅನಂತರ ತೆಳುಛೇದ ಮಾಡುತ್ತಾರೆ. ಲಂಡನ್ನಿನ ಐ. ಡಬ್ಲ್ಯು. ಕಾರ್ನ್‌ವಾಲ್ ಅವರು ೧೯೫೮ರಲ್ಲಿ ಪ್ರಾಕ್ತನಶಾಸ್ತ್ರಜ್ಞರಿಗೆಂದೇ ಮಣ್ಣಿನ ಶಾಸ್ತ್ರವನ್ನು ಬರೆದರು. ೧೯೮೯ರಲ್ಲಿ ಕೂರ್ಟಿ, ಗೋಲ್ಡ್‌ಬರ್ಗ್ ಮತ್ತು ಮ್ಯಾಕ್‌ಫೇಲ್ ಎಂಬ ಮೂವರು ವಿದ್ವಾಂಸರು ಕೂಡಿ ಬರೆದ ಗ್ರಂಥದಿಂದ ಈ ಶಾಖೆ ಒಂದು ಪೂರ್ಣ ಶಾಸ್ತ್ರವಾಗಿ ರೂಪುಗೊಂಡಿತು.

೨. ಬೂದಿದಿಬ್ಬಗಳ ವಾದ

ಬಳ್ಳಾರಿ, ವಿಜಯನಗರ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿಯೂ ಅವಕ್ಕೆ ಹೊಂದಿಕೊಂಡ ಆಂಧ್ರ, ತೆಲಂಗಾಣ ಪ್ರದೇಶಗಳಲ್ಲಿಯೂ ನೂರಕ್ಕೂ ಹೆಚ್ಚು ಬೂದಿದಿಬ್ಬಗಳು ಗುರುತಿಸಲ್ಪಟ್ಟಿವೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹಾದಿಯಲ್ಲಿರುವ ಕುಡತಿನಿಯ ದಿಬ್ಬ ಇವುಗಳಲ್ಲಿ ಹೆಸರಾದದ್ದು. ಕೆಲವು ದಿಬ್ಬಗಳು ಬರಿಯ ಮೆತ್ತನೆಯ ಬೂದಿ. ಕೆಲವುಗಳಲ್ಲಿ ಬೂದಿ ಕರಗಿ, ಗುಳ್ಳೆಗುಳ್ಳೆಯಾಗಿ, ಕಬ್ಬಿಣದ ಕಿಟ್ಟದಂತೆ ಗಟ್ಟಿಗೊಂಡಿದೆ. ಇಷ್ಟೊಂದು ಬೂದಿ ಎಲ್ಲಿಂದ ಬಂದಿತೆಂಬ ಪ್ರಶ್ನೆ ಜನರಿಗೂ ಹುಟ್ಟಿತು, ವಿದ್ವಾಂಸರಿಗೂ ಹುಟ್ಟಿತು. ಜನರು ತಮ್ಮ ಉತ್ತರವನ್ನು ಪುರಾಣದಿಂದ ಪಡೆದರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯ ಚಿತಾಭಸ್ಮವೆಂದು ಇಂದಿಗೂ ಹೇಳುತ್ತಾರೆ. ಬೇರೆಡೆಗಳಲ್ಲಿ ರಾಕ್ಷಸರನ್ನು ಸುಟ್ಟ ಕಥೆಗಳಿವೆ. ಕಿಷ್ಕಿಂಧೆಯ ನೆನಪು ಹಸಿರಾಗಿರುವ ಆ ನಾಡಿನಲ್ಲಿ ಇದು ಸಹಜವೇ ಸರಿ.

ವಿದ್ವಾಂಸರ ಊಹೆಗಳು ಇದಕ್ಕಿಂತ ಬಹಳ ಮೇಲಾಗಿದ್ದುವೆಂದು ಹೇಳಲಾಗದು. ಟಿ. ಜೆ. ನ್ಯೂಬೋಲ್ಡ್ ಅವರು ೧೮೩೬ರಲ್ಲಿ ಈ ಕಿಟ್ಟದ ವಿಷಯವಾಗಿ ಬರೆದ ಟಿಪ್ಪಣಿಯಲ್ಲಿ ಅದನ್ನು ಜ್ವಾಲಾಮುಖಿಯ ಪದಾರ್ಥವೆಂದೇ ಕರೆದರು. ಏಳು ವರ್ಷಗಳ ತರುವಾಯ, ೧೮೪೩ರಲ್ಲಿ, ಅವರೇ ಬರೆದ ಲೇಖನದ ಶೀರ್ಷಿಕೆಯಲ್ಲಿ ಇವು ‘ಪ್ರಾಚೀನ ದಿಬ್ಬ’ಗಳಾಗಿವೆ. ಕಬ್ಬಿಣ ಕರಗಿಸಿದ ಕುಲುಮೆಗಳೆಂದವರುಂಟು. ಸುಣ್ಣದ ಅಥವಾ ಇಟ್ಟಿಗೆಯ ಗೂಡುಗಳೆಂದವರುಂಟು. ಮಧ್ಯಯುಗದ ಸಾಮೂಹಿಕ ದಹನದ ಅವಶೇಷಗಳೆಂದವರೂ ಉಂಟು. ಈ ಊಹೆಗಳೆಲ್ಲಕ್ಕೂ ಇದ್ದ ಸಮಾನ ದೋಷವೆಂದರೆ, ದಿಬ್ಬವನ್ನು ದೂರದಿಂದ ನೋಡಿ ಅದರ ಆಕಾರದಿಂದಲೂ ಅಲ್ಲಿ ಕೇಳಿದ ಕಥೆಯಿಂದಲೂ ಉತ್ತರವನ್ನು ಹುಡುಕಿದ್ದು. ದಿಬ್ಬವು ಯಾವ ವಸ್ತುವಿನಿಂದಾದುದೆಂಬ ಪ್ರಶ್ನೆಯನ್ನು ಆ ವಸ್ತುವನ್ನೇ ಕೇಳಿದವರು ವಿರಳ.

ಹಾಗೆ ಕೇಳಿದವರಲ್ಲಿ ಅಗ್ರಗಣ್ಯರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂಸರ್ವೇಕ್ಷಣ ಇಲಾಖೆಯಲ್ಲಿ ೧೮೫೮ರಿಂದ ಸೇವೆ ಸಲ್ಲಿಸಿ, ೧೮೬೩ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಉಪಕರಣವನ್ನು ಕಂಡುಹಿಡಿದು ಕೀರ್ತಿಗೊಂಡವರು ಇವರು. ೧೮೯೪ರಲ್ಲಿ ಸ್ಥಾಪಿತವಾದ ಮೈಸೂರು ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರೂ ಹೌದು. ದಿಬ್ಬಗಳಲ್ಲಿ ನಯಗೊಳಿಸಿದ ಕಲ್ಲುಕೊಡಲಿಗಳೂ ಒರಟು ಮಡಕೆಯ ಚೂರುಗಳೂ ದನದ ಮೂಳೆಗಳೂ ದೊರೆಯುವುದನ್ನು ಗಮನಿಸಿದ ಫೂಟ್ ಅವರು, ಇವು ನವಶಿಲಾಯುಗದ ಜನರ ದನದ ದೊಡ್ಡಿಗಳಲ್ಲಿ ಕೂಡಿಬಿದ್ದು ಸುಟ್ಟುಹೋದ ಸಗಣಿಯ ರಾಶಿಗಳೆಂದು ವಾದಿಸಿದರು. ವಾದ ಸರಿಯಾಗಿತ್ತು, ಆದರೆ ಎಲ್ಲರೂ ಒಪ್ಪಲಿಲ್ಲ. ಕೇವಲ ಸಗಣಿ ಉರಿದು ಗಾಜಿನಂತೆ ಕರಗುವಷ್ಟು ಶಾಖ ಹುಟ್ಟೀತೇ ಎಂಬ ಆಕ್ಷೇಪ ಉಳಿದೇ ಇತ್ತು.

ಈ ಆಕ್ಷೇಪಕ್ಕೆ ಉತ್ತರ ಬಂದದ್ದು ಪ್ರಯೋಗಾಲಯದಿಂದ. ಲಂಡನ್ನಿನ ಪ್ರಾಕ್ತನಶಾಸ್ತ್ರ ಸಂಸ್ಥೆಯ ಪ್ರೊಫೆಸರ್ ಎಫ್. ಇ. ಝಾಯ್ನರ್ ಅವರು ಬಳ್ಳಾರಿಯ ದಿಬ್ಬಗಳ ಮಾದರಿಗಳನ್ನು ಪರೀಕ್ಷಿಸಿ, ಅವು ಸಗಣಿಯ ಬೂದಿಯೇ ಎಂದು ೧೯೬೦ರ ಸುಮಾರಿನಲ್ಲಿ ಖಚಿತಪಡಿಸಿದರು. ಇದೇ ಕಾಲದಲ್ಲಿ ಎಫ್. ಆರ್. ಆಲ್ಚಿನ್ ಅವರು ೧೯೫೭ರಲ್ಲಿ ಉಟ್ನೂರಿನ ದಿಬ್ಬವನ್ನು ಅಗೆಯಿಸಿದ್ದರು. ಅಲ್ಲಿ ಬೂದಿಯ ಪದರಗಳ ಕೆಳಗೆ ಗೂಟಗಳನ್ನು ನೆಟ್ಟ ಗುಳಿಗಳ ಸಾಲು ಕಂಡಿತು; ದನಗಳ ಗೊರಸಿನ ಗುರುತುಗಳು ಕೂಡ ಅಂದಿನ ಕೆಸರಿನಲ್ಲಿ ಮೂಡಿದಂತೆಯೇ ಉಳಿದಿದ್ದುವು. ಒಂದು ಕಡೆ ಬೂದಿಯ ಗುಣ, ಇನ್ನೊಂದು ಕಡೆ ದೊಡ್ಡಿಯ ಬೇಲಿ ಮತ್ತು ಗೊರಸಿನ ಹೆಜ್ಜೆ: ಎರಡು ಸಾಕ್ಷ್ಯಗಳೂ ಒಂದನ್ನೊಂದು ಸಮರ್ಥಿಸಿದ ಮೇಲೆ ಫೂಟ್ ಅವರ ಮತವು ಸ್ಥಿರವಾಯಿತು. ಆಲ್ಚಿನ್ ಅವರ ‘ದಕ್ಷಿಣ ಭಾರತದ ನವಶಿಲಾಯುಗದ ಗೋಪಾಲಕರು’ ಎಂಬರ್ಥದ ಗ್ರಂಥ ೧೯೬೩ರಲ್ಲಿ ಪ್ರಕಟವಾಯಿತು.

ಸಗಣಿಯೆಂದು ಹೇಳುವ ಗುರುತುಗಳಾವುವೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಯುಕ್ತ. ಹುಲ್ಲು ನೆಲದಿಂದ ಹೀರಿದ ಮರಳಿನ ಅಂಶವು, ಅಂದರೆ ಸಿಲಿಕವು, ಅದರ ಜೀವಕೋಶಗಳಲ್ಲಿ ತುಂಬಿ ಗಟ್ಟಿಯಾಗುತ್ತದೆ. ಹುಲ್ಲು ಕೊಳೆತರೂ ಸುಟ್ಟರೂ ಆ ಕೋಶದ ಅಚ್ಚು ಉಳಿಯುತ್ತದೆ. ದನ ತಿಂದ ಹುಲ್ಲಿನ ಈ ಕಣಗಳು ಸಗಣಿಯಲ್ಲಿ ಲಕ್ಷೋಪಲಕ್ಷವಾಗಿರುತ್ತವೆ, ಮತ್ತು ಹುಲ್ಲಿನ ಜಾತಿಯನ್ನೂ ಸ್ಥೂಲವಾಗಿ ತಿಳಿಸುತ್ತವೆ. ಎರಡನೆಯದಾಗಿ, ಮೆಲುಕುಹಾಕುವ ಪ್ರಾಣಿಗಳ ಕರುಳಿನಲ್ಲಿ ಸುಣ್ಣದ ಅತಿಸೂಕ್ಷ್ಮ ಗೋಲಗಳು ಹುಟ್ಟಿ ಸಗಣಿಯೊಡನೆ ಹೊರಬೀಳುತ್ತವೆ. ಧ್ರುವೀಕೃತ ಬೆಳಕಿನಲ್ಲಿ ಇವುಗಳ ನಡುವೆ ಕಪ್ಪು ಶಿಲುಬೆಯಂಥ ಗುರುತು ಕಾಣುವುದರಿಂದ ಇವನ್ನು ಬೇರೆಯದೆಂದು ಭ್ರಮಿಸುವ ಸಂಭವ ಕಡಮೆ. ಹೆಚ್ಚು ಶಾಖಕ್ಕೆ ಈ ಗೋಲಗಳು ನಾಶವಾಗುತ್ತವೆ. ಇನ್ನೂ ಹೆಚ್ಚಿನ ಶಾಖಕ್ಕೆ ಹುಲ್ಲಿನ ಸಿಲಿಕವು ಬೂದಿಯಲ್ಲಿರುವ ಕ್ಷಾರದೊಡನೆ ಕೂಡಿ ಕರಗಿ ಗಾಜಾಗುತ್ತದೆ. ಆದುದರಿಂದ ಒಂದೇ ದಿಬ್ಬದಲ್ಲಿ ಗೋಲಗಳಿರುವ ಪದರ, ಗೋಲಗಳಿಲ್ಲದೆ ಕಣಗಳು ಮಾತ್ರ ಉಳಿದ ಪದರ, ಎಲ್ಲವೂ ಕರಗಿದ ಪದರ ಎಂದು ವಿಂಗಡಿಸಿದರೆ, ಯಾವುದು ಸುಡದೆ ಉಳಿಯಿತು, ಯಾವುದು ಮೆಲ್ಲಗೆ ಸುಟ್ಟಿತು, ಯಾವುದು ದೊಡ್ಡ ರಾಶಿಯ ಒಳಗಣ ಉರಿಯಲ್ಲಿ ಕುದಿಯಿತು ಎಂಬುದು ಒಂದು ಪಟ್ಟಿಯಂತೆ ಮುಂದೆ ನಿಲ್ಲುತ್ತದೆ. ಜ್ವಾಲಾಮುಖಿಯ ಬೂದಿಯಲ್ಲಾಗಲಿ ಕಬ್ಬಿಣದ ಕಿಟ್ಟದಲ್ಲಾಗಲಿ ಹುಲ್ಲಿನ ಕೋಶಗಳಿರಲು ಕಾರಣವಿಲ್ಲ. ನ್ಯೂಬೋಲ್ಡ್ ಅವರ ಕಾಲದ ಸಂದೇಹ ಒಂದು ಚಿಟಿಕೆ ಬೂದಿಯಿಂದ ಪರಿಹಾರವಾಗತಕ್ಕುದಾಗಿತ್ತೆಂಬುದು ಇಂದು ನಮಗೆ ಆಶ್ಚರ್ಯವಾಗಿ ತೋರಬಹುದು.

೩. ಸೂಕ್ಷ್ಮದರ್ಶಕದ ಮಿತಿ

ಬೂದಿ ಸಗಣಿಯದೆಂದು ತೀರ್ಮಾನವಾಯಿತು. ಆದರೆ ಗೊಬ್ಬರವಾಗಿ ಬೆಲೆಬಾಳುವ ಸಗಣಿಯನ್ನು ಅಷ್ಟು ಪ್ರಮಾಣದಲ್ಲಿ ಸುಟ್ಟದ್ದೇಕೆ? ಆಲ್ಚಿನ್ ಅವರು ಇದಕ್ಕೆ ಹಬ್ಬದ ಬೆಂಕಿಯ ಕಡೆ ಕೈತೋರಿಸಿದರು. ಋತುವಿನ ಸಂಧಿಯಲ್ಲಿ, ದನಗಳ ಕ್ಷೇಮಕ್ಕಾಗಿ ಬೆಂಕಿ ಹೊತ್ತಿಸುವ ಆಚಾರದ ಮೂಲ ಇಲ್ಲಿರಬಹುದೆಂಬುದು ಅವರ ಸೂಚನೆ. ಮೈಸೂರು ಸೀಮೆಯ ಓದುಗರಿಗೆ ಈ ಮಾತು ಬೇಗ ಮನಸ್ಸಿಗೆ ಹತ್ತುವಂಥದು. ಸಂಕ್ರಾಂತಿಯ ಸಂಜೆ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಹುಲ್ಲಿನ ಬೆಂಕಿಯ ಮೇಲೆ ‘ಕಿಚ್ಚು ಹಾಯಿಸುವ’ ಪದ್ಧತಿ ಚಾಮರಾಜನಗರ, ಮೈಸೂರು, ಮಂಡ್ಯದ ಹಳ್ಳಿಗಳಲ್ಲಿ ನಮ್ಮ ಕಣ್ಣ ಮುಂದಿದೆ. ಕಿಚ್ಚು ಹಾಯ್ದ ಎತ್ತನ್ನು ನೋಡಿ ಬೆಳೆದವರಿಗೆ ಉಟ್ನೂರಿನ ಬೂದಿ ಅಪರಿಚಿತವೆನ್ನಿಸುವುದಿಲ್ಲ.

ಆದರೆ ಈ ಆಕರ್ಷಣೆಯಲ್ಲಿಯೇ ಅಪಾಯವಿದೆಯೆಂದು ನಾವು ಎಚ್ಚರಿಸಬಯಸುತ್ತೇವೆ. ಇಂದಿನ ಕಿಚ್ಚಿಗೂ ನಾಲ್ಕು ಸಾವಿರ ವರ್ಷಗಳ ಹಿಂದಿನ ಬೂದಿಗೂ ನಡುವೆ ಇರುವ ಅವಿಚ್ಛಿನ್ನ ಸಂಬಂಧವನ್ನು ತೋರಿಸುವ ಸಾಕ್ಷ್ಯವನ್ನು ಸೂಕ್ಷ್ಮದರ್ಶಕ ಕೊಡಲಾರದು. ಬೆಂಕಿಯ ಶಾಖವನ್ನು ಅದು ಅಳೆಯಬಲ್ಲುದು. ಬೆಂಕಿ ಹೊತ್ತಿಸಿದವನ ಭಾವವನ್ನು ಅಳೆಯಲಾರದು. ಕೀಟಗಳ ಕಾಟ ತಪ್ಪಿಸಲು, ರೋಗ ಬಂದ ದೊಡ್ಡಿಯನ್ನು ಶುದ್ಧಿಮಾಡಲು, ಅಥವಾ ಅಕಸ್ಮಾತ್ತಾಗಿ ಹತ್ತಿದ ಬೆಂಕಿಯಿಂದಲೂ ಅದೇ ಬೂದಿ ಆಗುತ್ತದೆ. ಹಾಗಾದರೆ ಮಣ್ಣಿನ ಪರೀಕ್ಷೆಯಿಂದ ಪ್ರಯೋಜನವೇನೆಂದು ಕೇಳಬಹುದು. ಪ್ರಯೋಜನವೇನೆಂದರೆ, ಅದು ‘ಏಕೆ’ ಎಂಬ ಪ್ರಶ್ನೆಗೆ ನೇರವಾಗಿ ಉತ್ತರಿಸದಿದ್ದರೂ, ಯಾವ ಉತ್ತರಗಳು ಸಲ್ಲವೆಂಬುದನ್ನು ಹೇಳುತ್ತದೆ. ದನಗಳು ನಿಂತು ತುಳಿದ ಸಗಣಿ ತೆಳುಛೇದದಲ್ಲಿ ಒತ್ತೊತ್ತಾದ ಅಡ್ಡ ಪದರಗಳಾಗಿ ಕಾಣುತ್ತದೆ. ಬುಟ್ಟಿಯಲ್ಲಿ ತಂದು ಸುರಿದ ಸಗಣಿಯಲ್ಲಿ ಎಳೆಗಳು ದಿಕ್ಕಿಲ್ಲದೆ ಕಲಸಿರುತ್ತವೆ. ಬೆಂಕಿ ಒಮ್ಮೆ ಹತ್ತಿತೇ ಅಥವಾ ಹಲವು ಸಲ ಹತ್ತಿತೇ, ಎರಡು ಬೆಂಕಿಗಳ ನಡುವೆ ಮಳೆ ಬಿದ್ದು ಹುಲ್ಲು ಬೆಳೆಯುವಷ್ಟು ಕಾಲ ಕಳೆಯಿತೇ, ಇವೂ ಪದರಗಳ ಮಧ್ಯದಲ್ಲಿ ಗುರುತಾಗಿ ಉಳಿದಿರುತ್ತವೆ. ಒಂದು ದಿಬ್ಬದಲ್ಲಿ ಸಗಣಿಯನ್ನು ಹೊತ್ತು ತಂದು ಬೇಕೆಂದೇ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟರೆಂದು ತಿಳಿದರೆ ಆಕಸ್ಮಿಕ ಬೆಂಕಿಯ ಊಹೆ ಅಲ್ಲಿಗೆ ಬಿದ್ದುಹೋಗುತ್ತದೆ. ಇತಿಹಾಸದಲ್ಲಿ ಇಷ್ಟಾದರೂ ಸಾಧಿಸುವುದು ಸಾಮಾನ್ಯವಲ್ಲ.

ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ೧೯೮೯ರಿಂದ ೧೯೯೭ರವರೆಗೆ ನಡೆಸಿದ ಉತ್ಖನನವು ಈ ಚರ್ಚೆಗೆ ಇನ್ನೊಂದು ಆಯಾಮವನ್ನು ಒದಗಿಸಿತು. ಅಲ್ಲಿ ದನದ ದೊಡ್ಡಿಯ ಪಕ್ಕದಲ್ಲಿಯೇ ಜನರ ವಸತಿಯೂ ಕಲ್ಲಿನ ಉಪಕರಣಗಳನ್ನು ತಯಾರಿಸುತ್ತಿದ್ದ ತಾಣವೂ ಪ್ರಾಣಿಗಳನ್ನು ಕಡಿದು ಹಂಚುತ್ತಿದ್ದ ನೆಲಗಟ್ಟೂ ದೊರೆತುವು. ಅಂದರೆ ಬೂದಿದಿಬ್ಬವು ಅಲೆಮಾರಿಗಳು ಬಂದುಹೋದ ಬರಿಯ ದೊಡ್ಡಿ ಮಾತ್ರವಲ್ಲ. ಒಂದು ಊರಿನ ಬಾಳಿನ ಭಾಗ. ದಿಬ್ಬದ ಬೂದಿಯನ್ನು ಮಾತ್ರ ನೋಡಿ ಊರಿನ ನೆಲವನ್ನು ನೋಡದಿದ್ದರೆ ಈ ಸಂಗತಿ ತಿಳಿಯುತ್ತಿರಲಿಲ್ಲ.

ಮನೆಯ ನೆಲವೂ ಇಂಥದೇ ದಾಖಲೆ. ನಿಕೋಲ್ ಬೋಯ್ವಿನ್ ಅವರು ರಾಜಸ್ಥಾನದ ಬಾಲಾಥಲ್ ಗ್ರಾಮದಲ್ಲಿ ಇಂದಿನ ಮನೆಗಳ ಮಣ್ಣಿನ ನೆಲವನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ ೨೦೦೦ದಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಹಬ್ಬ, ಮದುವೆ ಮುಂತಾದ ಸಂದರ್ಭಗಳಲ್ಲಿ ನೆಲಕ್ಕೆ ಮತ್ತೆ ಮತ್ತೆ ಹಾಕಿದ ಮಣ್ಣಿನ ಸಾರಣೆಯ ಪದರಗಳು ಒಂದರ ಮೇಲೊಂದು ಕೂಡಿ, ಆ ಮನೆತನದ ಬಾಳಿನ ಲಯವನ್ನೇ ನೆಲದಲ್ಲಿ ಉಳಿಸುತ್ತವೆಂದು ಅವರು ತೋರಿಸಿದರು. ಬಾಲಾಥಲ್ ಪ್ರಾಚೀನ ತಾಣವೂ ಹೌದಾದ್ದರಿಂದ ಇಂದಿನ ನೆಲ ಅಂದಿನ ನೆಲವನ್ನು ಓದುವುದಕ್ಕೆ ಕೀಲಿಕೈಯಾಯಿತು. ನಮ್ಮ ಹಳ್ಳಿಗಳಲ್ಲಿ ಸಗಣಿ ಸಾರಿಸಿದ ನೆಲಗಳು ಸಿಮೆಂಟಿಗೆ ಎಡೆಗೊಟ್ಟು ಕಣ್ಮರೆಯಾಗುತ್ತಿರುವ ಈ ದಿನಗಳಲ್ಲಿ ಅಂಥ ಕೀಲಿಕೈಗಳನ್ನು ನಾವು ಕಳೆದುಕೊಳ್ಳುತ್ತಿದ್ದೇವೆಂಬುದನ್ನು ಮರೆಯಬಾರದು.

೪. ಮಡಕೆಯ ಒಳಮೈ

ಮಣ್ಣಿನಿಂದ ಮಡಕೆಗೆ ಬರೋಣ. ಕರ್ನಾಟಕದ ಪ್ರಾಕ್ತನ ಕಾಲಗಣನೆಗೆ ಮಡಕೆಯೇ ಬೆನ್ನೆಲುಬು. ಸರ್ ಮಾರ್ಟಿಮರ್ ವ್ಹೀಲರ್ ಅವರು ೧೯೪೭ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಉತ್ಖನನ ನಡೆಸಿ, ಪದರ ಪದರವಾಗಿ ಮಡಕೆಗಳನ್ನು ವಿಂಗಡಿಸಿ ಕಲ್ಲುಕೊಡಲಿಯ ಸಂಸ್ಕೃತಿ, ಬೃಹತ್‌ಶಿಲಾ ಸಂಸ್ಕೃತಿ, ಆಂಧ್ರ ಸಂಸ್ಕೃತಿ ಎಂಬ ಅನುಕ್ರಮವನ್ನು ಸ್ಥಾಪಿಸಿದರು. ಅನುಕ್ರಮ ಇಂದಿಗೂ ನಿಂತಿದೆ. ಆದರೆ ಅವರು ಕೊಟ್ಟ ಕಾಲ ನಿಲ್ಲಲಿಲ್ಲ. ಕಲ್ಲುಕೊಡಲಿಯ ಸಂಸ್ಕೃತಿಯನ್ನು ಅವರು ಕ್ರಿ.ಪೂ. ಒಂದನೆಯ ಸಹಸ್ರಮಾನದ ಆರಂಭಕ್ಕೆ ಹಾಕಿದ್ದರು. ಇಂಗಾಲದ ಕಾಲಮಾಪನ ಬಂದ ಮೇಲೆ ಅದೇ ನವಶಿಲಾಯುಗದ ಬೂದಿದಿಬ್ಬಗಳು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹಿಂದೆ ಸರಿದುವು. ಆಕಾರ ಮತ್ತು ಬಣ್ಣಗಳಿಂದ ಮಾಡಿದ ವರ್ಗೀಕರಣ ಎಷ್ಟು ಅವಶ್ಯಕವೋ ಅಷ್ಟೇ ಅಪೂರ್ಣವೆಂಬುದಕ್ಕೆ ಇದು ನಿದರ್ಶನ.

ಬೃಹತ್‌ಶಿಲಾ ಗೋರಿಗಳಲ್ಲಿ ದೊರೆಯುವ ಕಪ್ಪು–ಕೆಂಪು ಮಡಕೆಯನ್ನು ತೆಗೆದುಕೊಳ್ಳಬಹುದು. ಒಳಮೈಯೂ ಬಾಯಂಚೂ ಕಪ್ಪು, ಹೊರಮೈ ಕೆಂಪು. ಒಂದೇ ಮಡಕೆಗೆ ಎರಡು ಬಣ್ಣ ಬಂದುದು ಹೇಗೆ? ಮಡಕೆಯನ್ನು ಬೋರಲಿಟ್ಟು ಸುಟ್ಟಾಗ ಒಳಭಾಗಕ್ಕೂ ಬಾಯಂಚಿಗೂ ಗಾಳಿ ತಗಲದೆ ಹೊಗೆಯ ಇಂಗಾಲ ಕೂಡಿ ಕಪ್ಪಾಗುತ್ತದೆ, ಗಾಳಿ ತಗಲಿದ ಹೊರಮೈಯ ಕಬ್ಬಿಣಾಂಶ ಕೆಂಪಾಗುತ್ತದೆ ಎಂಬುದು ರೂಢವಾದ ವಿವರಣೆ. ಒಮ್ಮೆ ಸುಟ್ಟದ್ದನ್ನು ಇನ್ನೊಮ್ಮೆ ಹೊಗೆಗೊಡ್ಡಿದರೂ ಹೀಗಾಗಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಚೂರಿನ ಅಡ್ಡಕೊಯ್ತವನ್ನು ದೊಡ್ಡದಾಗಿಸಿ ನೋಡಿದಾಗ ಕಪ್ಪು ಎಷ್ಟು ಆಳಕ್ಕಿಳಿದಿದೆ, ಅದರ ಅಂಚು ಕತ್ತರಿಸಿದಂತೆ ಖಚಿತವಾಗಿದೆಯೇ ಅಥವಾ ಮೆಲ್ಲಗೆ ಕರಗುತ್ತದೆಯೇ ಎಂಬುದು ವಿಚಾರಕ್ಕೆ ಸಿಕ್ಕುತ್ತದೆ. ಶಾಖದ ಅಳತೆಗೂ ಗುರುತುಗಳಿವೆ. ಸುಮಾರು ೮೦೦ರಿಂದ ೮೫೦ ಡಿಗ್ರಿ ಸೆಂಟಿಗ್ರೇಡ್ ದಾಟಿದರೆ ಜೇಡಿಯ ಒಡಲು ಧ್ರುವೀಕೃತ ಬೆಳಕಿಗೆ ಪ್ರತಿಕ್ರಿಯೆ ತೋರುವುದನ್ನು ನಿಲ್ಲಿಸುತ್ತದೆ. ಸುಣ್ಣದ ಕಣಗಳು ಒಡೆದುಹೋಗುತ್ತವೆ. ಅಂತೆಯೇ ರಂಧ್ರಗಳ ಓರಣ ಕುಂಬಾರನ ಕೈಯನ್ನು ತೋರಿಸುತ್ತದೆ. ತಿಗರಿಯ ಮೇಲೆ ಎಳೆದ ಮಡಕೆಯಲ್ಲಿ ರಂಧ್ರಗಳು ಓರೆಯಾಗಿ ಸಾಲುಗೊಂಡರೆ, ಸುರುಳಿ ಸುತ್ತಿ ಮಾಡಿದ ಮಡಕೆಯಲ್ಲಿ ಸುರುಳಿಗಳು ಕೂಡಿದ ಸಂದು ಕಾಣುತ್ತದೆ. ಕುಂಬಾರ ಜೇಡಿಗೆ ಬೆರೆಸಿದ್ದು ಹೊಳೆಯ ಮರಳೋ, ಕುಟ್ಟಿದ ಕಲ್ಲೋ, ಹೊಟ್ಟೋ ಎಂಬುದೂ ತಿಳಿಯುತ್ತದೆ. ಹೊಳೆಯ ಮರಳಿನ ಕಣ ಉರುಳಿ ದುಂಡಾಗಿರುತ್ತದೆ, ಕುಟ್ಟಿದ ಕಲ್ಲಿನ ಕಣ ಚೂಪಾಗಿರುತ್ತದೆ, ಹೊಟ್ಟು ಸುಟ್ಟುಹೋಗಿ ತನ್ನ ಆಕಾರದ ಬಿಲವನ್ನು ಮಾತ್ರ ಬಿಡುತ್ತದೆ.

೫. ಚಂದಕವಾಡಿಯ ನೆಲ

ಈಗ ನಮ್ಮ ಸೀಮೆಗೆ ಮರಳೋಣ. ಬೂದಿದಿಬ್ಬಗಳು ಉತ್ತರದಲ್ಲಿ ಕೇಂದ್ರೀಕೃತವಾಗಿದ್ದರೂ ನವಶಿಲಾಯುಗದ ಸಂಸ್ಕೃತಿ ಕಾವೇರಿಯ ತನಕ ಹಬ್ಬಿತ್ತು. ಕಾವೇರಿ–ಕಪಿಲಾ ಸಂಗಮದ ತಿರುಮಕೂಡಲು ನರಸೀಪುರದಲ್ಲಿ ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ನಡೆದ ಉತ್ಖನನದ ವರದಿ ೧೯೭೧ರಲ್ಲಿ ಪ್ರಕಟವಾಗಿ ಇದನ್ನು ಸ್ಪಷ್ಟಪಡಿಸಿತು. ೧೯೯೭ರಲ್ಲಿ ಮೈಸೂರಿನಿಂದ ಬೇರೆಯಾದ ಚಾಮರಾಜನಗರ ಜಿಲ್ಲೆ ಆ ಸಂಗಮಕ್ಕೆ ನೆರೆಯದು.

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿ ಹೋಬಳಿಯ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು ನಿಂತಿದೆ. ಬೆಟ್ಟದ ಮುಖ್ಯ ಶಿಲೆ ಚಾರ್ನೊಕೈಟ್. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಕ್‌ನ ಗೋರಿಯ ಕಲ್ಲನ್ನು ನೋಡಿ ಟಿ. ಎಚ್. ಹಾಲೆಂಡ್ ಅವರು ಆ ಶಿಲೆಗೆ ಈ ಹೆಸರನ್ನಿಟ್ಟರು. ಮೈಸೂರು ಭೂವಿಜ್ಞಾನ ಇಲಾಖೆಯ ಬಿ. ರಾಮರಾವ್ ಅವರು ಮೈಸೂರು ಸಂಸ್ಥಾನದ ಚಾರ್ನೊಕೈಟ್ ಶಿಲೆಗಳನ್ನು ಕುರಿತು ೧೯೪೫ರಲ್ಲಿ ಬರೆದಿದ್ದಾರೆ. ಬೆಟ್ಟದಿಂದ ಪಶ್ಚಿಮದ ಬಯಲಿಗಿಳಿದಂತೆ ಪರ್ಯಾಯದ್ವೀಪದ ನೈಸ್ ಶಿಲೆ ಮೇಲುಗೈಯಾಗುತ್ತದೆ. ನೈಸಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಕಪ್ಪು ಕಾಗೆಬಂಗಾರ ಮುಖ್ಯ. ಚಾರ್ನೊಕೈಟಿನಲ್ಲಿ ಇವುಗಳೊಡನೆ ಹೈಪರ್‌ಸ್ತೀನ್ ಎಂಬ ಖನಿಜವಿರುತ್ತದೆ. ತೆಳುಛೇದವನ್ನು ತಿರುಗಿಸಿದಂತೆ ಅದರ ಬಣ್ಣ ನಸುಗೆಂಪಿನಿಂದ ನಸುಹಸಿರಿಗೆ ತಿರುಗುತ್ತದೆ. ಈ ಒಂದು ಭೇದವೇ ನಮ್ಮ ಕೆಲಸಕ್ಕೆ ಬೇಕಾದದ್ದು. ಬೆಟ್ಟದ ತಪ್ಪಲಿನ ಹಳ್ಳದ ಮರಳು ಬೆರೆತ ಮಡಕೆಗೂ ಬಯಲಿನ ಕೆರೆಯ ಜೇಡಿಯಿಂದಾದ ಮಡಕೆಗೂ ನಡುವೆ, ಆಕಾರದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದಿದ್ದರೂ, ಒಳಮೈಯಲ್ಲಿ ವ್ಯತ್ಯಾಸವಿರುವುದನ್ನು ನಿರೀಕ್ಷಿಸಬಹುದು. ಬೆಟ್ಟದವರಿಗೂ ಬಯಲಿನವರಿಗೂ ಇದ್ದ ವ್ಯವಹಾರ, ನದೀತೀರದ ಊರಿಗೂ ಕಾಡಂಚಿನ ಊರಿಗೂ ಇದ್ದ ಸಂಬಂಧ ಇವನ್ನು ಕುರಿತ ನಮ್ಮ ಪ್ರಶ್ನೆಗಳನ್ನು ಹೀಗೆ ಪರೀಕ್ಷೆಗೊಡ್ಡಬಹುದು. ಆದರೆ ಒಂದು ಎಚ್ಚರ: ಹೈಪರ್‌ಸ್ತೀನ್ ಗಾಳಿಮಳೆಗೆ ಬೇಗ ಸವೆದು ಜೇಡಿಯಾಗುವ ಖನಿಜ. ಚೂರಿನಲ್ಲಿ ಅದು ಇದ್ದರೆ ಸಾಕ್ಷ್ಯ. ಇಲ್ಲದಿದ್ದರೆ ಅದರಿಂದ ಅವಸರದ ತೀರ್ಮಾನ ಸಲ್ಲದು.

ಈ ಕೆಲಸಕ್ಕೆ ಮೊದಲು ಬೇಕಾದದ್ದು ದೊಡ್ಡ ಉತ್ಖನನವಲ್ಲ, ಹೋಲಿಕೆಯ ಮಾದರಿಗಳ ಸಂಗ್ರಹ. ಹೋಬಳಿಯ ಒಂದೊಂದು ಕೆರೆಯ ಅಂಗಳದಿಂದ, ಹಳ್ಳದ ದಂಡೆಯಿಂದ ಒಂದೊಂದು ಹಿಡಿ ಜೇಡಿಯನ್ನೂ ಮರಳನ್ನೂ ತಂದು, ಬಿಲ್ಲೆ ಮಾಡಿ, ಗೊತ್ತಾದ ಶಾಖದಲ್ಲಿ ಸುಟ್ಟು, ತೆಳುಛೇದ ಮಾಡಿ, ಸ್ಥಳದ ಹೆಸರನ್ನೂ ದಿನಾಂಕವನ್ನೂ ಬರೆದಿಟ್ಟರೆ ಅದೊಂದು ನಿಘಂಟಾಗುತ್ತದೆ. ಮುಂದೆ ದೊರೆಯುವ ಪ್ರತಿಯೊಂದು ಚೂರನ್ನೂ ಆ ನಿಘಂಟಿನ ಸಹಾಯದಿಂದ ಓದಬಹುದು. ಕಾಲೇಜುಗಳ ಇತಿಹಾಸ ವಿಭಾಗದವರು ಭೂವಿಜ್ಞಾನ ವಿಭಾಗದವರೊಡನೆ ಕೂಡಿದರೆ ಇದು ಅಸಾಧ್ಯವಾದ ಕೆಲಸವಲ್ಲ. ಯಾವ ಜೇಡಿ ಮಡಕೆಗೆ ಒಗ್ಗುತ್ತದೆ, ಯಾವುದು ಆವಿಗೆಯಲ್ಲಿ ಬಿರಿಯುತ್ತದೆ, ಎಷ್ಟು ಜೇಡಿಗೆ ಎಷ್ಟು ಮರಳು ಎಂಬುದನ್ನು ಬಲ್ಲವರು ಹಳೆಯ ಕುಂಬಾರ ಮನೆತನಗಳವರು. ಕಸುಬನ್ನು ಬಿಟ್ಟವರಾದರೂ ಹಿರಿಯರ ನೆನಪಿನಲ್ಲಿ ಈ ಜ್ಞಾನ ಇನ್ನೂ ಉಳಿದಿರುವಾಗಲೇ ಅದನ್ನು ಬರೆದುಕೊಳ್ಳುವುದು ನಮ್ಮ ಕರ್ತವ್ಯ.

ಕಾಲ ನಮ್ಮ ಪರವಾಗಿಲ್ಲ. ಚಾಮರಾಜನಗರ ಸೀಮೆಯ ಕರಿಕಲ್ಲಿನ ಗಣಿಗಳು, ಕೆರೆಗಳ ಹೂಳೆತ್ತುವ ಕೆಲಸ, ಹೊಲಗಳನ್ನು ಸಮಗೊಳಿಸುವ ಯಂತ್ರಗಳು ತಮ್ಮ ತಮ್ಮ ದೃಷ್ಟಿಯಿಂದ ಅವಶ್ಯಕವಾಗಿರಬಹುದು. ಆದರೆ ಒಂದು ದಿಬ್ಬವನ್ನು ಒಂದು ಬೆಳಗಿನಲ್ಲಿ ಇಲ್ಲವಾಗಿಸುವ ಶಕ್ತಿ ಅವಕ್ಕಿದೆ. ಹಾಳೂರಿನ ಮಣ್ಣನ್ನು ಗೊಬ್ಬರವೆಂದು ಹೊಲಕ್ಕೆ ಹೊತ್ತು ಹಾಕುವುದೂ ರೈತರಲ್ಲಿ ಹಿಂದಿನಿಂದ ಬಂದ ರೂಢಿ. ಇದರಲ್ಲಿ ರೈತರನ್ನು ದೂರುವ ಮೊದಲು ನಮ್ಮ ತಪ್ಪನ್ನು ನಾವು ಒಪ್ಪಿಕೊಳ್ಳಬೇಕು. ಉತ್ಖನನದಲ್ಲಿ ಚೂರುಗಳನ್ನು ತಿಕ್ಕಿ ತೊಳೆದು, ಚಂದವಾದವನ್ನು ಆರಿಸಿ, ಉಳಿದ ಮಣ್ಣನ್ನು ಗುಡ್ಡೆಹಾಕಿ ಎಸೆದವರು ಬಹುಕಾಲ ನಾವೇ. ಹೀಗೆ ಎಸೆದ ಮಣ್ಣಿನಲ್ಲಿ ಹುಲ್ಲಿನ ಕೋಶಗಳಿದ್ದುವು, ಸಾರಣೆಯ ಪದರಗಳಿದ್ದುವು. ತೊಳೆದ ಮಡಕೆಯ ಒಳಗೆ ಅಂಟಿದ್ದ ಅನ್ನದ ಕಲೆಯೂ ಇದ್ದಿರಬಹುದು. ತೊಳೆಯುವ ಮೊದಲು ಕೆಲವು ಚೂರುಗಳನ್ನು ಹಾಗೆಯೇ ಎತ್ತಿಡುವುದು, ಪ್ರತಿಯೊಂದು ಪದರದಿಂದಲೂ ಒಂದು ಹಿಡಿ ಮಣ್ಣನ್ನು ಹೆಸರು ಬರೆದು ಕಟ್ಟಿಡುವುದು, ಸಾಧ್ಯವಾದೆಡೆ ಒಂದು ಪೆಟ್ಟಿಗೆಯಷ್ಟು ಮಣ್ಣನ್ನು ಕದಲದಂತೆ ತೆಗೆದಿರಿಸುವುದು, ಇಷ್ಟನ್ನಾದರೂ ನಮ್ಮ ವಿದ್ಯಾರ್ಥಿಗಳು ರೂಢಿಮಾಡಿಕೊಳ್ಳಬೇಕು.

ಫೂಟ್ ಅವರ ಮತಕ್ಕೂ ಅದು ಪ್ರಯೋಗಾಲಯದಲ್ಲಿ ಸ್ಥಿರಪಡುವುದಕ್ಕೂ ನಡುವೆ ಎರಡು ಮೂರು ತಲೆಮಾರುಗಳು ಕಳೆದುವು. ಆ ಅವಧಿಯಲ್ಲಿ ಊಹೆಗಳು ಬಂದುವು, ಹೋದುವು. ದಿಬ್ಬಗಳು ಉಳಿದಿದ್ದುದರಿಂದ ಮಾತ್ರ ಕೊನೆಗೆ ತೀರ್ಮಾನ ಸಾಧ್ಯವಾಯಿತು. ಪ್ರಶ್ನೆ ಕೇಳುವವನು ತಡವಾಗಿ ಬಂದರೂ ಸಾಕ್ಷಿ ಜೀವಂತವಾಗಿದ್ದರೆ ನ್ಯಾಯ ದೊರೆಯುತ್ತದೆ. ಚಂದಕವಾಡಿಯ ನೆಲದಲ್ಲಿರುವ ಸಾಕ್ಷಿಯನ್ನು ಕೇಳುವ ಕಾಲಕ್ಕೆ ಅದು ಅಲ್ಲಿ ಉಳಿದಿರುವಂತೆ ನೋಡಿಕೊಳ್ಳುವುದು ಇತಿಹಾಸವನ್ನು ಬೋಧಿಸುವವರೂ ಕಲಿಯುವವರೂ ಕೂಡಿ ಹೊರಬೇಕಾದ ಹೊಣೆಯೆಂದು ನಾವು ಭಾವಿಸುತ್ತೇವೆ.